ಮೇಷ್ಟ್ರ ಗೆರೆ, ಟೀಚರಮ್ಮನ ರಬ್ಬರ್

ಡ್ರಾಯಿಂಗ್ ಮೇಷ್ಟ್ರು ಗೋಡೆ ನೋಡಿ ಮಾತಾಡುತ್ತಿದ್ದ, ಕಿಟಕಿ ನೋಡಿ ನಗುತ್ತಿದ್ದ. ಎದುರಿಗೆ ಕುಳಿತ ಸೈನ್ಸ್ ಟೀಚರ್ ಕಡೆ ಮಾತ್ರ ಮುಖ ತಿರುಗಿಸುತ್ತಿರಲಿಲ್ಲ. ಒಂದು ದಿನ ಸ್ಟಾಫ್ ರೂಮಿನಲ್ಲಿ ಅವಳು ತಡೆಯಲಾರದೆ ಕೇಳಿಯೇಬಿಟ್ಟಳು.

"ನಾನೇನು ನೋಡೋಕಾಗದಷ್ಟು ಕೆಟ್ಟದಾಗಿದೀನಾ ಮೇಷ್ಟ್ರೇ?"

"ನೇರ ನೋಡಿದ್ರೆ ನೀವು ಮಾಯ ಆಗ್ತೀರಿ ಟೀಚರೇ. ನನ್ನ ಕಣ್ಣಿನ ನಡುಭಾಗದ ದೃಷ್ಟಿ ಹೋಗ್ತಾ ಇದೆ, ಅಂಚಿನದು ಉಳಿದಿದೆ. ಗೋಡೆ ನೋಡಿದ್ರೇನೇ ನಿಮ್ಮ ಕೆನ್ನೆ ಮೇಲಿನ ಮಚ್ಚೆ ಕಾಣೋದು."

"ಅಂದ್ರೆ ಇಷ್ಟು ದಿನ ನನ್ನನ್ನೇ ನೋಡ್ತಾ ಇದ್ರಾ?"

"ಕದ್ದು ನೋಡಿಲ್ಲಪ್ಪ. ಕಾಯಿಲೇನೇ ಪರ್ಮಿಷನ್ ಕೊಟ್ಟಿದೆ."

ಅವಳು ನಕ್ಕಳು. ಆಮೇಲೆ ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತಳು. ಪ್ರೀತಿ ಶುರುವಾದದ್ದು ಅಲ್ಲಿಂದಲೇ.

ಏಳನೇ ತರಗತಿಯ ಪ್ರಾಜೆಕ್ಟ್ ಇಬ್ಬರ ಹೆಗಲಿಗೂ ಬಿದ್ದಿತ್ತು: ಬೀದಿಗೆ ನೀರು ಬರುವ ದಾರಿಯ ದೊಡ್ಡ ನಕ್ಷೆ. ಗುಂಪಿನಲ್ಲಿ ಒಬ್ಬರ ಪಾಲಿನ ಕೆಲಸವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಕೇಳಿದರೆ ಮಾತ್ರ ಸಹಾಯ ಎಂದು ಮಕ್ಕಳಿಗೆ ರೂಲ್ ಮಾಡಿದವಳು ಅವಳೇ. ಮುರಿದವಳೂ ಅವಳೇ. ಮೇಷ್ಟ್ರು ಎಳೆದ ಪೈಪಿನ ಗೆರೆಗಳು ಮನೆಗಳನ್ನು ಸೀಳಿಕೊಂಡು ಹೋಗುತ್ತಿದ್ದವು. ಸಂಜೆ ಎಲ್ಲರೂ ಹೋದಮೇಲೆ ಅವಳು ರಬ್ಬರ್ ಹಿಡಿದು ಕೂರುತ್ತಿದ್ದಳು.

ಬೆಳಿಗ್ಗೆ ಅವನು ಓರೆಗಣ್ಣಿನಲ್ಲಿ ನಕ್ಷೆ ನೋಡಿ ಅರಳುತ್ತಿದ್ದ. "ಕೈ ಇನ್ನೂ ಹಿಡಿತದಲ್ಲಿದೆ. ಗೆರೆ ನೆಟ್ಟಗೆ ಬರೋವಾಗ ನಾನು ಯಾರಿಗೂ ಭಾರ ಅಲ್ಲ. ಮದುವೆ ಆಗ್ತೀರಾ?"

ಅವಳು ಹೂಂ ಅಂದಳು. ಆ ಗೆರೆ ತನ್ನದು ಎನ್ನಲು ಬಾಯಿ ಬರಲಿಲ್ಲ.

ಪ್ರಾಜೆಕ್ಟ್ ಮುಗಿದ ದಿನ, ನಿಮ್ಮ ಗುಂಪಿನ ಕೆಲಸ ಯಾವುದರ ಹಾಗಿತ್ತು ಹೇಳಿ ಎಂದು ಅವಳು ಮಕ್ಕಳನ್ನು ಕೇಳಿದಳು. "ಮಂಚ ಸಾಗಿಸಿದ ಹಾಗೆ ಮಿಸ್, ಒಬ್ಬ ಕೈಬಿಟ್ರೆ ಎಲ್ಲರ ಕಾಲಿಗೂ ಪೆಟ್ಟು," ಅಂದಿತು ಒಂದು ಗುಂಪು. "ನಾಲ್ಕು ಜನಕ್ಕೆ ಒಂದೇ ಹೊದಿಕೆ, ಬರೀ ಎಳೆದಾಟ," ಅಂದಿತು ಇನ್ನೊಂದು.

"ಹಾಗಾದ್ರೆ ನಮ್ಮಿಬ್ಬರದು?" ಮೇಷ್ಟ್ರು ಖುಷಿಯಲ್ಲಿ ಕೇಳಿದ.

"ಸೈಕಲ್ ಡಬಲ್ ರೈಡ್ ಸರ್," ಎಂದಳು ಮುಂದಿನ ಬೆಂಚಿನ ಹುಡುಗಿ. "ಮಿಸ್ ತುಳಿತಾರೆ, ನೀವು ಹಿಂದೆ ಕೂತಿದೀರಿ. ನಿಮ್ಮ ಗೆರೆ ಎಲ್ಲಾ ಮಿಸ್ ಸಾಯಂಕಾಲ ಅಳಿಸಿ ಬರೀತಾರೆ. ನಾನು ಟಿಫಿನ್ ಡಬ್ಬಿ ಮರೆತು ಬಂದಾಗ ನೋಡಿದೆ."

ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರ ಮುಖ ನೋಡಿ ತಾನೇ ಸುಮ್ಮನಾಯಿತು.

ಬೆಲ್ ಹೊಡೆದು ರೂಮು ಖಾಲಿಯಾಯಿತು. "ಕುರುಡಾಗ್ತಾ ಇರೋನ ಕಣ್ಣಿಗೆ ಮಣ್ಣೆರಚೋದು ಎಷ್ಟು ಸುಲಭ ಅಲ್ವಾ?" ಎಂದ. ದನಿ ಏರಲೇ ಇಲ್ಲ. "ಮದುವೆ ಬೇಡ ಟೀಚರೇ. ನನ್ನ ಬದುಕನ್ನೂ ಹೀಗೇ ಅಳಿಸಿ ತಿದ್ದಿಬಿಡ್ತೀರಿ."

ಅವನು ಹೇಳಿದ್ದು ನಿಜವಾಗಿತ್ತು. ಅವಳು ರಬ್ಬರನ್ನು ಅವನ ಮುಂದಿಟ್ಟಳು.

"ನಿಮ್ಮ ಪಾಲಿಂದೆಲ್ಲ ಕಿತ್ಕೊಂಡೆ," ಎಂದಳು ಕೊನೆಗೆ. "ನನ್ನ ಪಾಲಿಂದು ಒಂದೂ ಕೊಡ್ಲಿಲ್ಲ. ನಮ್ಮಮ್ಮನಿಗೆ ನಾನು ಮರೆತುಹೋಗಿದೀನಿ. ದಿನಾ ಸಂಜೆ 'ಯಾರಮ್ಮ ನೀನು' ಅಂತಾರೆ. ಆ ಮಾತು ಕೇಳೋಕಾಗದೆ ಹೊತ್ತು ಕಳೀತಾ ಇಲ್ಲಿ ಕೂರ್ತೀನಿ. ಗೆರೆ ತಿದ್ದಿದ್ದು ನಿಮಗೋಸ್ಕರ ಮಾತ್ರ ಅಲ್ಲ. ನನಗೆ ಮನೆಗೆ ಹೋಗೋಕೆ ಹೆದರಿಕೆ. ಒಬ್ಬಳ ಕೈಲಾಗ್ತಿಲ್ಲ."

ಅವನು ಕಪ್ಪುಹಲಗೆಯ ಕಡೆ ಮುಖ ಮಾಡಿ ಅವಳನ್ನೇ ನೋಡಿದ.

"ಇವತ್ತು ನಾನೂ ಬರ್ತೀನಿ," ಎಂದ.

ಇಬ್ಬರೂ ಅವಳ ಮನೆಯ ಕಡೆ ನಡೆದರು. ಅವಳು ಬಾಗಿಲು ತೆರೆದಳು. ಮಂಚದ ಮೇಲೆ ಒರಗಿದ್ದ ಅಮ್ಮ ಗಾಬರಿಯಿಂದ ತಲೆಯೆತ್ತಿದಳು.

"ಯಾರಮ್ಮ ನೀನು? ಇವನ್ಯಾರು?"

ಅವನು ಹೊಸ್ತಿಲಿಗೆ ಎಡವಿ, ಬಾಗಿಲ ಚೌಕಟ್ಟು ಹಿಡಿದು ನಿಂತ.

"ಇವರು ನಿಮ್ಮ ಮಗಳು ಅಮ್ಮ. ನಾನು ಅಳಿಯ."

ಅಮ್ಮ ಇಬ್ಬರನ್ನೂ ನೋಡಿ ನೋಡಿ ಅಳತೊಡಗಿದಳು. "ಮಗಳ ಮದುವೆಗೆ ನನ್ನನ್ನ ಯಾರೂ ಕರೀಲೇ ಇಲ್ವಲ್ಲೋ!"

"ಇನ್ನೂ ಆಗಿಲ್ಲ ಅಮ್ಮ," ಎಂದ ಅವನು. "ಕರೆಯೋಕೇ ಬಂದಿದೀವಿ."