ಮಾವ ತರುತ್ತಿದ್ದ ಬಿಳಿಗಲ್ಲು

ನಾನು ಕಲ್ಲುಗಳ ಬಗ್ಗೆ ಓದಿದವನು, ಕಂಡದ್ದನ್ನಷ್ಟೇ ಬರೆಯುತ್ತೇನೆ.

೧೯೭೪ರ ಬೇಸಿಗೆ ರಜೆಗೆ ಧಾರವಾಡದಿಂದ ಇಂಡಿ ತಾಲೂಕಿಗೆ, ಭೀಮಾ ದಂಡೆಯಲ್ಲಿರುವ ಶೇವಂತೆವ್ವ ಅತ್ತೆಯ ಊರಿಗೆ ಹೋಗಿದ್ದೆ. ಸೋಮನಿಂಗ ಮಾವ ತೀರಿಕೊಂಡು ವರ್ಷವಾಗಿತ್ತು. ಅವರ ಕುದುರೆಯನ್ನು ಅತ್ತೆ ಯಾರಿಗೂ ಕೊಟ್ಟಿರಲಿಲ್ಲ.

“ಕುದುರಿ ಮ್ಯಾಲೆ ಹೊಳಿಯಾಗಿನ ನಡುಗಡ್ಡಿ ಸುತ್ತಿ ಬರ್ತೇನಿ ಅತ್ತಿ. ಅದೆಲ್ಲಾ ಜ್ವಾಲಾಮುಖಿ ಕಲ್ಲು,” ಎಂದೆ.

“ನಿಮ್ಮ ಮಾವ ಅಲ್ಲಿಗೆ ಹೋದಾಗೊಮ್ಮೆ ನನಗೊಂದು ಬಿಳಿಗಲ್ಲು ತರ್ತಿದ್ರು,” ಎಂದರು ಅತ್ತೆ. ಕಿಟಕಿಯಲ್ಲಿ ಹರಳಿನಂಥ ಕಲ್ಲುಗಳ ಸಾಲೇ ಇತ್ತು.

ಹೊಳೆಯಲ್ಲಿ ಮೊಣಕಾಲುದ್ದ ನೀರು, ಕುದುರೆಯ ಮೇಲೆಯೇ ದಾಟಿದೆ. ಮಧ್ಯಾಹ್ನವೆಲ್ಲ ಕಾದ ಕರಿಬಂಡೆಗಳ ಮೇಲೆ ಅಲೆದು, ಹತ್ತು ಚೂರು ಒಡೆದು ಚೀಲಕ್ಕೆ ಹಾಕಿಕೊಂಡೆ. ಅತ್ತೆಗಾಗಿ ಎಷ್ಟು ಹುಡುಕಿದರೂ ಬಿಳಿಗಲ್ಲು ಸಿಗಲಿಲ್ಲ.

ನಾನು ಹತ್ತಿ ಹೊರಟಾಗ ಕುದುರೆ ತಾನಾಗಿಯೇ ನಿಂತಿತು. ಯಾರೋ ಹತ್ತಿದಂತೆ ಜೀನು ಎಡಕ್ಕೆ ಜಗ್ಗಿ ಮತ್ತೆ ಸರಿಯಾಯಿತು. ಆ ಬಿಸಿಲಲ್ಲೂ ನನ್ನ ಬೆನ್ನು ತಂಪಾಯಿತು. ತಂಬಾಕಿನ ವಾಸನೆ ಬಂತು. ಕುದುರೆ ಇಬ್ಬರನ್ನು ಹೊತ್ತಂತೆ ಮೆಲ್ಲಗೆ ಹೆಜ್ಜೆ ಹಾಕಿತು. ನಾನು ತಿರುಗಿ ನೋಡಲಿಲ್ಲ. ಯಾಕೋ ಹೆದರಿಕೆಯೂ ಆಗಲಿಲ್ಲ.

ಹೊತ್ತು ಮುಳುಗುವಾಗ ಮನೆ ಮುಟ್ಟಿ, ಅಂಗಳದಲ್ಲಿ ಚೀಲ ಸುರುವಿದೆ. ಕರಿಚೂರುಗಳ ನಡುವಿನಿಂದ ಅತ್ತೆ ಒಂದು ಬಿಳಿಗಲ್ಲನ್ನು ಎತ್ತಿಕೊಂಡು ಕೆನ್ನೆಗೆ ಒತ್ತಿಕೊಂಡರು.

“ಎಷ್ಟು ಬೆಚ್ಚಗೈತೋ ತಮ್ಮಾ! ದಾರಿತುಂಬ ಮುಟಿಗ್ಯಾಗ ಹಿಡ್ಕೊಂಡು ಬಂದಿಯೇನು?”

ನಾನು ಆ ಕಲ್ಲನ್ನು ಮುಟ್ಟಿಯೇ ಇರಲಿಲ್ಲ. ಬಗ್ಗಿ ಕರಿಚೂರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಎಲ್ಲವೂ ತಣ್ಣಗಿದ್ದವು.