ಅಡ್ಡಗೆರೆ ಬಿದ್ದ ದಿನ

ವಿಭಾಗದ ಕಪಾಟಿಗೆ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಒಳಗೆ ಪೂಜಾಳ ನೀಲಿ ನೋಟ್‌ಬುಕ್ ಮಾತ್ರ ಇರಲಿಲ್ಲ.

ಇಷ್ರತ ಮೂರು ಸಲ ಹುಡುಕಿದಳು. ರೋಣದಿಂದ ದಿನಾ ಬಸ್ಸಿಗೆ ಬಂದು ಗಜೇಂದ್ರಗಡದ ಕಾಲೇಜಿನಲ್ಲಿ ಎಂ.ಕಾಂ. ವಿದ್ಯಾರ್ಥಿಗಳಿಗೆ ವೆಚ್ಚ ಲೆಕ್ಕಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ ಅವಳು. ಪೂಜಾ ಅವಳ ವಿದ್ಯಾರ್ಥಿನಿ. ಒಂದು ಕೈಮಗ್ಗದ ಸೀರೆಗೆ ನಿಜವಾಗಿ ಎಷ್ಟು ತಾಸಿನ ದುಡಿಮೆ ಬೇಕು ಅನ್ನುವುದು ಪ್ರಾಜೆಕ್ಟಿನ ವಿಷಯ. ಮೂವತ್ತು ದಿನ ಸೀರೆ ನೇಯುವ ಗಾಳೆವ್ವನ ಮಗ್ಗದ ಮುಂದೆ ಕೂತು ಹುಡುಗಿ ಎಲ್ಲವನ್ನೂ ಆ ನೋಟ್‌ಬುಕ್ಕಿನಲ್ಲಿ ಬರೆದಿದ್ದಳು.

"ಶನಿವಾರ ನಾನ ಕೈಯಾರೆ ಇಟ್ಟೇನ್ರಿ ಮೇಡಂ. ನಾಳೆ ವೈವಾ ಐತ್ರಿ," ಎಂದಳು ಪೂಜಾ.

ಅಷ್ಟರಲ್ಲಿ ಪ್ರಿನ್ಸಿಪಾಲ್ ಅಂದಾನಪ್ಪನವರಿಂದ ಇಷ್ರತಳಿಗೆ ಕರೆ ಬಂತು.

* * *

ಮೇಜಿನ ಮೇಲೆ ಎರಡು ವರದಿ. ಒಂದು ಪೂಜಾಳದು. ಇನ್ನೊಂದು ಅದೇ ತರಗತಿಯ ಅನಿಲಕುಮಾರನದು. ಅವನು ನರಗುಂದದ ವ್ಯಾಪಾರಿಯೊಬ್ಬರ ಮಗ. ಅಂಕಿ ಎರಡರಲ್ಲೂ ಒಂದೇ.

"ಅನಿಲ ತನ್ನ ನೋಟ್‌ಬುಕ್ ಕೊಟ್ಟಾನ್ರಿ. ನವೆಂಬರ್ ಹದಿನೈದಕ್ಕ ಸುರು ಮಾಡ್ಯಾನ. ನಿಮ್ಮ ಹುಡುಗಿ, ತನ್ನ ವರದಿ ಪ್ರಕಾರನ, ಡಿಸೆಂಬರ್ ಐದಕ್ಕ ಸುರು ಮಾಡ್ಯಾಳ. ಯಾರದು ನಕಲು, ನೀವ ಹೇಳ್ರಿ."

"ಪೂಜಾ ದಿನಾ ಕೂತದ್ದನ್ನ ಗಾಳೆವ್ವ ನೋಡ್ಯಾಳ್ರಿ ಸರ್."

"ಕೂತಿರಬಹುದು. ಅಂಕಿ ಇವನದು ನೋಡಿ ಬರದಿಲ್ಲಂತ ಹ್ಯಾಂಗ ನಂಬಲಿ? ನಾಳೆ ಹನ್ನೊಂದರೊಳಗ ಆಕಿ ನೋಟ್‌ಬುಕ್ ಬರಲಿಲ್ಲಂದ್ರ ವೈವಾಕ್ಕ ಕೂಡಸಂಗಿಲ್ಲ. ಡಿಗ್ರಿ ಹೋತು ಅಂತ ತಿಳೀರಿ."

ಇಷ್ರತ ಮೇಜಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡಳು. ಅವಳು ಅನಿಲನ ನೋಟ್‌ಬುಕ್ ತೆರೆದು ಪುಟಗಳ ಫೋಟೋ ತೆಗೆದುಕೊಂಡಳು.

* * *

ಕಪಾಟಿನ ಕೀಲಿ ಇರುವುದು ಜವಾನ ಸುಭಾನಸಾಬನ ಹತ್ತಿರ. ಶನಿವಾರ ಸಂಜೆ ಅವನು ರದ್ದಿ ಗಂಟು ಹೊತ್ತು ಹೋದದ್ದನ್ನು ಎಲ್ಲರೂ ನೋಡಿದ್ದರು.

"ಹಳೇ ಪ್ರಶ್ನಿಪತ್ರಿಕಿ ಅಷ್ಟ ಮಾರೇನವ್ವಾ. ಬೇಕಾದ್ರ ಅಂಗಡ್ಯಾಗ ನೋಡ ಬಾ."

ಇಷ್ರತ ಹೋಗಿ ಗಂಟು ಬಿಚ್ಚಿಸಿ ನೋಡಿದಳು. ಮುದುಕ ಹೇಳಿದ್ದು ಖರೇ. ಸುಮ್ಮನೆ ಅವನ ಮೇಲೆ ಅನುಮಾನಪಟ್ಟೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಆ ದಿನ ಕೀಲಿ ಮತ್ಯಾರ ಕೈಗರ ಕೊಟ್ಟಿದ್ದೇನು?"

"ಅನಿಲಪ್ಪ ಇಸ್ಕೊಂಡಿದ್ದ. ಹಾಜರಿ ಪುಸ್ತಕ ಬೇಕಂದ. ಐದ ಮಿನಿಟಿಗೆ ತಂದ ಕೊಟ್ಟ."

ಕೀಲಿ ಕೇಳಿದ್ದೇ ಕಳವಿಗೆ ಸಾಕ್ಷಿಯಾಗದು. ಇಷ್ರತ ಅನಿಲನನ್ನು ಕ್ಯಾಂಟೀನಿನಲ್ಲಿ ಹಿಡಿದಳು.

"ಯಾರ ಮಗ್ಗದ ಮುಂದ ಕೂತಿದ್ದಿಪ್ಪಾ?"

"ಗಾಳೆವ್ವನ ಓಣ್ಯಾಗ ಒಬ್ಬಾಕಿ ಆಯಿ ಇದ್ಲರಿ. ಈಗ ಮಗಳ ಊರಿಗೆ ಹೋಗ್ಯಾಳ."

"ನವೆಂಬರ್ ಇಪ್ಪತ್ತೊಂಬತ್ತಕ್ಕ ಅಡ್ಡಗೆರಿ ಎಳದಿ. ಆ ದಿನ ಕೆಲಸ ಇರಲಿಲ್ಲೇನು?"

"ಆಯಿಗೆ ಜ್ವರ ಬಂದಿತ್ರಿ," ಎಂದ ಅನಿಲ. ಉತ್ತರ ನಾಲಿಗೆ ತುದಿಯಲ್ಲೇ ಇತ್ತು.

* * *

ಗಾಳೆವ್ವ ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದಳು. ಇಷ್ರತ ಮೊಬೈಲಿನಲ್ಲಿದ್ದ ಪುಟವನ್ನು ಒಂದೊಂದಾಗಿ ಓದಿ ಹೇಳಿದಳು. ನವೆಂಬರ್ ಹತ್ತೊಂಬತ್ತು, ಒಂಬತ್ತು ತಾಸು. ಇಪ್ಪತ್ತು, ಒಂಬತ್ತೂವರೆ ತಾಸು.

ಲಾಳಿ ನಿಂತಿತು. ಗಾಳೆವ್ವ ಗೋಡೆಗಿದ್ದ ಹೋದ ವರ್ಷದ ಕ್ಯಾಲೆಂಡರಿನತ್ತ ಕೈಮಾಡಿದಳು. ಇಷ್ರತ ಎದ್ದು ನವೆಂಬರ್ ಪುಟ ತೆಗೆದಳು.

"ಇಪ್ಪತ್ತಕ್ಕ ಯಾರವ್ವಾ ನೇಯ್ದಾಕಿ? ಕರೀ ದುಂಡಗ ಗುರ್ತು ನೋಡಲ್ಲೆ. ಅಮಾಸಿ. ಅಮಾಸಿ ದಿನ ನಮ್ಮ ಓಣ್ಯಾಗ ಒಂದ ಮಗ್ಗನೂ ಸಪ್ಪಳ ಮಾಡಂಗಿಲ್ಲ. ನಮ್ಮತ್ತಿ ಕಾಲದಿಂದನೂ ಹಂಗ."

ಇಷ್ರತ ಇನ್ನೊಂದು ಪುಟ ಮಗುಚಿದಳು. ಮುಂದಿನ ಕಪ್ಪು ಗುರುತು ಡಿಸೆಂಬರ್ ಹತ್ತೊಂಬತ್ತಕ್ಕಿತ್ತು. ಬೆರಳು ಮಡಿಚಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಆಮೇಲೆ ಗಾಳೆವ್ವನ ಕೈ ಹಿಡಿದುಕೊಂಡು ನಕ್ಕುಬಿಟ್ಟಳು.

* * *

ಮರುದಿನ ಹತ್ತೂವರೆಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ಪೂಜಾ, ಅನಿಲ ಸೇರಿ ನಾಲ್ವರಿದ್ದರು.

"ಸರ್, ಇವನ ನೋಟ್‌ಬುಕ್ಕಿನ್ಯಾಗ ಅಮಾಸಿ ದಿನ ಒಂಬತ್ತೂವರಿ ತಾಸು ಕೆಲಸ ಆಗೇತಿ. ಆ ಓಣ್ಯಾಗ ಅದು ಆಗೂದಿಲ್ಲ. ಕೆಲಸ ನಿಂತದ್ದು ಇಪ್ಪತ್ತೊಂಬತ್ತಕ್ಕ. ಈಗ ಎಲ್ಲಾ ತಾರೀಖನ್ನೂ ಇಪ್ಪತ್ತು ದಿನ ಮುಂದ ಸರಸ್ರಿ."

ಅಂದಾನಪ್ಪನವರು ಪೆನ್ಸಿಲ್ ಹಿಡಿದರು. ಅಡ್ಡಗೆರೆ ಡಿಸೆಂಬರ್ ಹತ್ತೊಂಬತ್ತಕ್ಕೆ ಹೋಗಿ ಕೂತಿತು. ಅಂದು ಅಮಾವಾಸ್ಯೆ. ಸುರುವಾದ ದಿನ ಡಿಸೆಂಬರ್ ಐದಾಯಿತು. ಅದು ಪೂಜಾಳ ದಿನ.

"ಪೂಜಾನ ನೋಟ್‌ಬುಕ್ ಕದ್ದು, ತಾನ ಮೊದಲು ಬರದೇನಂತ ತೋರಸಾಕ ಎಲ್ಲಾ ತಾರೀಖು ಹಿಂದ ಸರಿಸ್ಯಾನ್ರಿ. ಆಕಿ ಗೆರಿ ಯಾಕ ಎಳದ್ಲು ಅಂತ ಇವನಿಗೆ ಗೊತ್ತಿರಲಿಲ್ಲ. ಒಂದು ದಿನ ಮಗ್ಗದ ಮುಂದ ಕೂತಿದ್ರ ಗೊತ್ತಾಗತಿತ್ತು."

ಅನಿಲ ತಲೆ ತಗ್ಗಿಸಿದ. "ಅಪ್ಪ ಅಂಗಡಿ ಬಿಟ್ಟು ಕಳಸಲಿಲ್ರಿ. ಮೂವತ್ತು ದಿನ ಎಲ್ಲಿಂದ ತರ್ಲಿ?" ಎಂದು ಗೊಣಗಿದ. ನೀಲಿ ನೋಟ್‌ಬುಕ್ ಅವನ ಬೈಕಿನ ಡಿಕ್ಕಿಯಲ್ಲಿ ಸಿಕ್ಕಿತು. ವೈವಾ ಪಟ್ಟಿಯಿಂದ ಹೆಸರೊಂದು ಹೋಯಿತು. ಅದು ಪೂಜಾಳದಾಗಿರಲಿಲ್ಲ.

ಹೊರಗೆ ಇಷ್ರತ ಪೂಜಾಳ ಕಿವಿ ಹಿಂಡಿದಳು. "ಗೆರಿ ಮುಂದ ಅಮಾಸಿ ಅಂತ ಬರೀಬೇಕೋ ಬ್ಯಾಡೋ?"

"ಅದನ್ನೇನ ಬರೀದ್ರಿ ಮೇಡಂ? ಎಲ್ಲಾರಿಗೂ ಗೊತ್ತಿರೂದ ಅಲ್ರಿ?"

ಹಾಗೆ ಬರೆದಿದ್ದರೆ ಅನಿಲನೂ ಓದಿಕೊಳ್ಳುತ್ತಿದ್ದ, ಆ ಗೆರೆಯನ್ನು ನವೆಂಬರಿನ ಅಮಾವಾಸ್ಯೆಗೇ ಎಳೆಯುತ್ತಿದ್ದ. ಆಗ ಈ ಹುಡುಗಿಯನ್ನು ಉಳಿಸುವುದಕ್ಕೆ ಏನೂ ಇರುತ್ತಿರಲಿಲ್ಲ. ಇಷ್ರತಳಿಗೆ ಅದು ಆಗ ಹೊಳೆಯಿತು. ಅವಳು ಕಿವಿ ಬಿಟ್ಟು ಪೂಜಾಳ ತಲೆ ಸವರಿದಳು.

"ನಡಿ, ಹನ್ನೊಂದಾತು. ಕರೀತಾರ."