ಕೊನೆಯ ಹಾಳೆಯಿಂದ ಶುರು ಮಾಡಿದವಳು

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಸಂಜೆ ಆರು ಗಂಟೆ. ಕಾನೂನು ಕಾಲೇಜಿನ ಮೇಷ್ಟರ ಮೇಜಿನ ಮೇಲೆ ಟೈಪಿಸ್ಟ್ ಹುಡುಗಿ ತನ್ನ ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ಪಟ್ಟನೆ ಬಡಿದಳು.

"ಉತ್ತರ ಸರಿ ಅಂತ ನೀವೇ ಬರೆದಿದ್ದೀರಿ. ಮತ್ತೆ ಹತ್ತಕ್ಕೆ ಎರಡು ಯಾಕೆ ಸರ್?"

"ಬಾಡಿಗೆದಾರ ಮನೆ ಬಿಡಬೇಕು ಅಂದಿದ್ದೀರಿ. ಯಾಕೆ ಬಿಡಬೇಕು?"

"ಕಾನೂನು ಹಾಗೆ ಹೇಳುತ್ತೆ!"

"ಯಾವ ಕಾನೂನು? ಇವನು ಮಾಡಿದ್ದು ಅದಕ್ಕೆ ಹೇಗೆ ಸೇರುತ್ತೆ? ಇವನ ವಕೀಲ ಏನನ್ನಬಹುದು? ಅದೆಲ್ಲಾ ಎಲ್ಲಿ?"

ಅವಳ ಮುಖ ಕೆಂಪಾಯಿತು. ಹಗಲು ಅವಳಿಗೆ ಕೋರ್ಟಿನಲ್ಲಿ ಕೆಲಸ. ಆರು ವರ್ಷದಿಂದ ಅವಳ ಪಾಲಿಗೆ ಬರುತ್ತಿದ್ದುದು ತೀರ್ಪಿನ ಕೊನೆಯ ಹಾಳೆ ಮಾತ್ರ. ಉಳಿದವನ್ನೆಲ್ಲ ಹಿರಿಯ ಟೈಪಿಸ್ಟ್ ತಾವೇ ಇಟ್ಟುಕೊಳ್ಳುತ್ತಿದ್ದರು. ಆದೇಶ ಗೊತ್ತು, ಅಲ್ಲಿಗೆ ಹೋಗುವ ದಾರಿ ಗೊತ್ತಿಲ್ಲ. ಈಗಾಗಲೇ ಎರಡು ಸಲ ಫೇಲು. ಮುಂದಿನ ಪರೀಕ್ಷೆಯೇ ಕೊನೆಯ ಅವಕಾಶ. ಹೋದರೆ ಪದವಿಯೇ ಇಲ್ಲ... ಬದುಕಿಡೀ ಬೇರೆಯವರ ತೀರ್ಪು ಬಡಿಯುವುದೇ!

ಮೇಷ್ಟರು ತಮ್ಮ ಬಸ್ಸು ಬಿಟ್ಟು ಅವಳನ್ನು ದಿನಾ ಅರ್ಧ ಗಂಟೆ ಕೂರಿಸಿಕೊಂಡರು.

"ಸಂಗತಿ ಒಂದೊಂದೇ ಎತ್ತಿ. ಕಾನೂನಿನ ಪಕ್ಕ ಇಡಿ. ಎದುರಾಳಿಗೂ ಬಾಯಿ ಕೊಡಿ. ತೀರ್ಪು ಕೊನೆಗೆ."

ಜಗಳವಾಡುತ್ತಲೇ ಕಲಿತಳು. ಸಂಜೆ ಆರಕ್ಕೆ ಯಾವಾಗಿನಿಂದ ಕಾಯತೊಡಗಿದಳೋ, ಅವಳಿಗೇ ತಿಳಿಯಲಿಲ್ಲ...

ಪರೀಕ್ಷೆ ಮುಗಿದ ಹತ್ತನೇ ದಿನ ಕಾಲೇಜಿನ ಗುಮಾಸ್ತ ಕಿವಿಗೆ ಹಾಕಿದ.

"ನಿಮ್ಮ ಮೇಷ್ಟ್ರು ನಿಮ್ಮ ಪೇಪರ್ ಮಾತ್ರ ನಾನು ನೋಡಲ್ಲ ಅಂತ ಪ್ರಿನ್ಸಿಪಾಲರಿಗೆ ವಾಪಸ್ ಕೊಟ್ಟರಮ್ಮ."

ಓದುವುದಕ್ಕೂ ಲಾಯಕ್ಕಿಲ್ಲವೇ ನನ್ನ ಬರಹ?

ನೆಟ್ಟಗೆ ಅವರ ಕೋಣೆಗೆ ನುಗ್ಗಿದಳು.

"ಇಷ್ಟು ದಿನ ಕಲಿಸಿ ನಡುನೀರಲ್ಲಿ ಕೈಬಿಟ್ಟಿರಲ್ಲ! ನಾಚಿಕೆ ಆಗಲ್ವಾ ನಿಮಗೆ?"

"ನೋಡಿ... ಮತ್ತೆ ಕೊನೆಯ ಹಾಳೆಯಿಂದ ಶುರು ಮಾಡಿದಿರಿ."

"ತಮಾಷೆ ಬೇಡ ಸರ್!"

"ಸಂಗತಿ ಎತ್ತಿ."

ಸಿಟ್ಟಿನಲ್ಲೇ ಬೆರಳು ಮಡಚಿದಳು. "ಒಂದು, ಅಕ್ಷರ ನೋಡಿ ನನ್ನ ಪೇಪರ್ ಅಂತ ಗುರುತು ಹಿಡಿದಿರಿ. ಎರಡು, ಎಲ್ಲರದೂ ನೋಡಿದಿರಿ, ನನ್ನದೊಂದೇ ಬಿಟ್ಟಿರಿ."

"ಕಾನೂನು?"

"ತನಗೆ ಬೇಕಾದವರ ವಿಷಯದಲ್ಲಿ ಯಾರೂ ತೀರ್ಪು ಕೊಡಬಾರ..."

ಮಾತು ಅಲ್ಲೇ ನಿಂತಿತು.

"ಎದುರಾಳಿಯ ವಾದ?" ಅವರು ಮೆಲ್ಲಗೆ ಕೇಳಿದರು.

"ಆಗದವರ ಪೇಪರ್ ಆದರೂ... ಬಿಡಬಹುದಿತ್ತು."

"ಆಗದವರಿಗೋಸ್ಕರ ಯಾರಾದರೂ ದಿನಾ ಬಸ್ಸು ತಪ್ಪಿಸಿಕೊಳ್ತಾರಾ?"

ಅವಳ ಕಣ್ಣು ತುಂಬಿತು, ಸಿಟ್ಟು ಮಾತ್ರ ಇಳಿಯಲಿಲ್ಲ. "ಬಾಯಿಬಿಟ್ಟು ಹೇಳೋಕೇನು ದಾಡಿ!"

"ಮೇಷ್ಟ್ರ ಕುರ್ಚಿಯಲ್ಲಿ ಕೂತು ಕೇಳೋದು ನ್ಯಾಯ ಅಲ್ಲ. ಫಲಿತಾಂಶ ಬರಲಿ ಅಂತಿದ್ದೆ."

"ಬೇಯೋ ತನಕ ಕಾದಿದ್ದೀನಿ. ಆರೋ ತನಕ ಕಾಯ್ತೀನಿ, ಬಿಡಿ."

ಅವಳ ಪತ್ರಿಕೆಯನ್ನು ಬೇರೆಯವರು ನೋಡಿದರು. ಪಾಸಾದಳು! ಆ ದಿನ ಮೇಷ್ಟರು ಕಾಲೇಜಿನ ಗೇಟಿನ ಹೊರಗೆ ನಿಂತಿದ್ದರು.

"ಈಗ ಕೇಳಬಹುದಾ?"

"ಕಾರಣ ಸಮೇತ ಕೇಳಿ. ಇಲ್ಲದಿದ್ದರೆ ಹತ್ತಕ್ಕೆ ಎರಡೇ!"

ಅವರು ಒಂದೊಂದೇ ಹೇಳಿದರು. ಪೂರ್ತಿ ಕೇಳಿಸಿಕೊಂಡು, ಕೊನೆಗೆ ಅವಳೆಂದಳು: "ಹೂಂ."

ವಕೀಲಿಕೆಗೆಂದು ಅವಳು ಕೋರ್ಟಿನ ಟೈಪಿಂಗ್ ಕೋಣೆ ಬಿಟ್ಟು ಹೋದದ್ದು ಮುಂದಿನ ಬುಧವಾರ. ಅಂದು ಹಿರಿಯ ಟೈಪಿಸ್ಟ್ ಅವಳ ಕೈಗೆ ಮೊತ್ತಮೊದಲ ಬಾರಿಗೆ ಒಂದು ತೀರ್ಪಿನ ಮೊದಲ ಹಾಳೆ ಕೊಟ್ಟಿದ್ದರು.